ಇಥಿಯೋಪಿಯಾಕ್ಕೆ ಹೊರಟ ದೋಸ್ತನಿಗೆ

ಪ್ರೀತಿಯ ದೋಸ್ತ,

ಗೊಂಡರ್ ಯೂನಿವರ್ಸಿಟಿಯಲ್ಲಿ ಪಾಠ ಮಾಡೋ ಕೆಲಸ ಸಿಕ್ಕಿದ್ದು ಕೇಳಿ ಭಾಳ ಖುಷಿಯಾಯಿತು. ನಿಮ್ಮ ಅವ್ವನಿಗೆ ಮಾತ್ರ ಒಂದೇ ಚಿಂತೆಯಂತೆ, ಅಲ್ಲಿ ಮಗ ಏನು ತಿನ್ನುತ್ತಾನೆ ಅಂತ. ನಾವು ದಿನಾ ತಿನ್ನೋದೇ ಆ ಕಡೆಯಿಂದ ಬಂದದ್ದು ಅಂತ ಅವರಿಗೆ ಹೇಳು. ಜೋಳ ಮೊದಲು ಬೆಳೆದದ್ದು ಸುಡಾನ್, ಇಥಿಯೋಪಿಯಾದ ಸೀಮೆಯಲ್ಲಿ. ರಾಗಿಯ ತವರು ಇಥಿಯೋಪಿಯಾ, ಉಗಾಂಡಾದ ಎತ್ತರದ ನೆಲ. ರೊಟ್ಟಿ ಜೊತೆ ನಾವು ಹಚ್ಚಿಕೊಂಡು ತಿನ್ನೋ ಗುರೆಳ್ಳು ಚಟ್ನಿ ಇದೆಯಲ್ಲ, ಆ ಗುರೆಳ್ಳೂ ಅಲ್ಲಿಯದೇ. ಇವತ್ತಿಗೂ ಅವರು ಅದರಿಂದಲೇ ಎಣ್ಣೆ ತೆಗೆಯುತ್ತಾರೆ. ಕಾಫಿ ಕತೆ ನಿನಗೆ ಗೊತ್ತೇ ಇದೆ, ಬಿಡು.

ಇನ್ನೊಂದು ಸಮಾಧಾನ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸದ ನೇಮ ಇಟ್ಟುಕೊಂಡಿದ್ದಾರೆ. ಆ ದಿನ ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲ. ಹೋಟೆಲುಗಳಲ್ಲಿ ಬೇಳೆ, ಸೊಪ್ಪು, ಬೀಟ್‌ರೂಟ್ ಎಲ್ಲ ಇಂಜೆರಾ ಅನ್ನೋ ದೋಸೆಯಂಥ ರೊಟ್ಟಿ ಮೇಲೆ ಸಾಲಾಗಿ ಬಡಿಸಿ ಕೊಡುತ್ತಾರೆ. ಶಿರೊ ಅಂತ ಒಂದು ಇರುತ್ತದೆ, ಕಡಲೆಹಿಟ್ಟಿನದು. ನಮ್ಮ ಜುಣಕವನ್ನು ತೆಳ್ಳಗೆ ಮಾಡಿದ ಹಾಗೆ. ಅವ್ವನಿಗೆ ಇಷ್ಟು ಸಾಕು.

ನಿನಗೆ ಹೇಳಬೇಕಾದ ಮಾತು ಬೇರೆ ಇದೆ. ನಿನ್ನನ್ನು ಬೀಳ್ಕೊಡುವಾಗ ಯಾರಾದರೂ ಎದ್ದು ನಿಂತು ಎರಡು ಸಾವಿರ ವರ್ಷಗಳ ಸ್ನೇಹ ಅಂತ ಭಾಷಣ ಮಾಡೇ ಮಾಡುತ್ತಾರೆ. ಚಪ್ಪಾಳೆ ಹೊಡೆ, ಆದರೆ ಪೂರ್ತಿ ನಂಬಬೇಡ. ಸಂಬಂಧ ಹಳೆಯದು, ಅದು ನಿಜ. ಸ್ನೇಹ ಅದರಲ್ಲಿ ಒಂದು ಪಾಲು ಅಷ್ಟೇ.

ಶುರುವಾದದ್ದು ವ್ಯಾಪಾರದಿಂದ. ಇಥಿಯೋಪಿಯಾದ ಹಳೇ ಆಕ್ಸುಮ್ ರಾಜ್ಯದ ಬಂದರು ಅಡುಲಿಸ್ ಈಗಿನ ಎರಿಟ್ರಿಯಾದಲ್ಲಿದೆ. ನಮ್ಮ ಕಡೆಯ ಕಬ್ಬಿಣ, ಉಕ್ಕು, ಹತ್ತಿ ಬಟ್ಟೆ ಅಲ್ಲಿಗೆ ಬರುತ್ತಿತ್ತು ಅಂತ ಗ್ರೀಕ್ ವರ್ತಕನೊಬ್ಬ ಮೊದಲನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಅಲ್ಲಿಂದ ಆನೆದಂತ ಹೊರಡುತ್ತಿತ್ತು. 1940ರಲ್ಲಿ ಟಿಗ್ರೇ ಸೀಮೆಯ ಡೆಬ್ರೆ ದಾಮೊ ಮಠದ ಹತ್ತಿರ ಕುಷಾಣರ ಚಿನ್ನದ ನಾಣ್ಯಗಳು ಸಿಕ್ಕವು, ನೂರಕ್ಕೂ ಜಾಸ್ತಿ. ಆಕ್ಸುಮ್ ರಾಜರ ಚಿನ್ನದ ನಾಣ್ಯಗಳು ನಮ್ಮ ಮಂಗಳೂರಿನಲ್ಲಿ ಸಿಕ್ಕಿವೆ. ದಾರಿ ನಡುವಿನ ಸೊಕೊಟ್ರಾ ದ್ವೀಪದಲ್ಲಿ ಹೋಕ್ ಅಂತ ಒಂದು ದೊಡ್ಡ ಗವಿ ಇದೆ. ಅದರೊಳಗೆ ನಮ್ಮ ನಾವಿಕರು ಬ್ರಾಹ್ಮಿಯಲ್ಲಿ ತಮ್ಮ ಹೆಸರು ಗೀಚಿ ಹೋಗಿದ್ದಾರೆ. ಅದೇ ಗವಿಯಲ್ಲಿ ಆಕ್ಸುಮಿನವರ ಬರಹವೂ ಇದೆ. ಕೋಟೆ, ಗುಡಿ ಗೋಡೆ ಮೇಲೆ ಹೆಸರು ಕೆತ್ತೋ ಚಟ ನಮ್ಮವರಿಗೆ ಇವತ್ತಿನದಲ್ಲ, ನೋಡು.

ಆಮೇಲೆ ಮನುಷ್ಯರನ್ನೇ ಸರಕು ಮಾಡಿದರು. ಇದು ನಮ್ಮ ವಿಜಯಪುರಕ್ಕೆ ಸೇರಿದ ಕತೆ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. 1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಚಾಪು ಅಂತ ಒಬ್ಬ ಹುಡುಗ ಹುಟ್ಟಿದ. ಚಿಕ್ಕವನಿದ್ದಾಗಲೇ ಮಾರಾಟವಾದ. ಕೈಯಿಂದ ಕೈಗೆ ಹೋಗಿ, ಬಾಗ್ದಾದ್ ಕಂಡು, ಕೊನೆಗೆ ದಖ್ಖನಕ್ಕೆ ಬಂದ. ಅಹ್ಮದ್‌ನಗರದಲ್ಲಿ ಅವನನ್ನು ಕೊಂಡ ಪೇಶ್ವೆ, ಅಂದರೆ ಅಲ್ಲಿನ ಮಂತ್ರಿ, ಚಂಗೇಜ್ ಖಾನ್ ತಾನೂ ಒಬ್ಬ ಹಬಶಿ (ಇಥಿಯೋಪಿಯಾ ಕಡೆಯವನು), ಒಂದು ಕಾಲದ ಗುಲಾಮ. ಧಣಿ ಸತ್ತ ಮೇಲೆ ಹುಡುಗ ಸ್ವತಂತ್ರನಾದ, ನಮ್ಮ ಆದಿಲ್‌ಶಾಹಿಯಲ್ಲೂ ಕೆಲ ಕಾಲ ಸೈನ್ಯದಲ್ಲಿ ದುಡಿದ. ಅವನೇ ಮಲಿಕ್ ಅಂಬರ್. ಮೊಘಲರು 1600ರಲ್ಲಿ ಅಹ್ಮದ್‌ನಗರದ ಕೋಟೆ ಹಿಡಿದ ಮೇಲೂ ಆ ರಾಜ್ಯವನ್ನು ಇಪ್ಪತ್ತೈದು ವರ್ಷ ಉಳಿಸಿಕೊಂಡವನು. ಖಡ್ಕಿ ಅಂತ ಊರು ಕಟ್ಟಿದ, ಅದೇ ಮುಂದೆ ಔರಂಗಾಬಾದ್ ಆಯಿತು. ಊರಿಗೆ ನೀರು ತರಲು ನೆಲದೊಳಗೆ ಕಾಲುವೆ ತೋಡಿಸಿದ. ಜಹಾಂಗೀರನಿಗೆ ಇವನನ್ನು ಸೋಲಿಸಲು ಆಗಲಿಲ್ಲ. ಆ ಸಿಟ್ಟಿಗೆ ಅಂಬರನ ತಲೆಗೆ ತಾನು ಬಾಣ ಹೊಡೆಯುತ್ತಿರೋ ಚಿತ್ರ ಬರೆಸಿಕೊಂಡ. ಚಿತ್ರದಲ್ಲಾದರೂ ಗೆದ್ದ, ಪಾಪ.

1624ರಲ್ಲಿ ಭಾತ್ವಾಡಿಯಲ್ಲಿ ಅಂಬರ್ ಮೊಘಲರು ಮತ್ತು ಬಿಜಾಪುರದವರು ಸೇರಿ ತಂದ ಸೈನ್ಯವನ್ನು ಮುರಿದ. ಅದೇ ಬಿಸಿಯಲ್ಲಿ ಇಲ್ಲಿಗೆ ಬಂದು, ಇಬ್ರಾಹಿಂ ಆದಿಲ್ ಶಾ ಆಸೆಪಟ್ಟು ಕಟ್ಟಿಸುತ್ತಿದ್ದ ನವರಸಪುರವನ್ನು ಹಾಳು ಮಾಡಿದ. ತೊರವಿ ಹತ್ತಿರ ಸಂಗೀತ ಮಹಲು ಮೊಂಡಾಗಿ ನಿಂತಿದೆಯಲ್ಲ, ಅದೇ ಊರು. ನಾವು ಕಾಲೇಜು ದಿನಗಳಲ್ಲಿ ಅಲ್ಲಿ ಸುಮ್ನೆ ತಿರುಗಾಡಿಕೊಂಡು ಬರುತ್ತಿದ್ದಾಗ ಇದನ್ನು ನಮಗೆ ಯಾರೂ ಹೇಳಲಿಲ್ಲ.

ಬಿಜಾಪುರದೊಳಗೂ ಹಬಶಿಗಳು ಸಣ್ಣವರಾಗಿರಲಿಲ್ಲ. ಇಬ್ರಾಹಿಂ ಹುಡುಗನಾಗಿದ್ದಾಗ ರಾಜ್ಯ ನಡೆಸಿದವನು ದಿಲಾವರ್ ಖಾನ್. ಮುಹಮ್ಮದ್ ಆದಿಲ್ ಶಾನ ಜೊತೆ ಆನೆ ಮೇಲೆ ಕೂತಿರೋ ಚಿತ್ರದಲ್ಲಿ ಕಾಣುವ ಇಖ್ಲಾಸ್ ಖಾನ್ ಇನ್ನೊಬ್ಬ. ಇಬ್ರಾಹಿಂ ರೋಜಾ ಕಟ್ಟಿಸಿದ ಮಲಿಕ್ ಸಂದಲ್ ಕೂಡ ಹಬಶಿ ಎನ್ನುತ್ತಾರೆ. ಈಗ ನಿನ್ನ ಗೊಂಡರ್ ಕಡೆ ನೋಡು. ಫಾಸಿಲಿದಸ್ ರಾಜನ ಕೋಟೆ ಅಲ್ಲಿನ ದೊಡ್ಡ ಹೆಮ್ಮೆ. 1648ರಲ್ಲಿ ಅಲ್ಲಿಗೆ ಹೋಗಿದ್ದ ಯೆಮೆನಿನ ರಾಯಭಾರಿಯೊಬ್ಬ ಆ ಅರಮನೆ ಕಟ್ಟಿದ ಮೇಸ್ತ್ರಿ ಭಾರತದವನು ಅಂತ ಬರೆದಿದ್ದಾನೆ. ಹೆಚ್ಚು ಕಡಿಮೆ ಅದೇ ಕಾಲ. ನನಗೆ ಈ ಜೋಡಿ ಭಾಳ ಹಿಡಿಸಿದೆ.

ಒಂದು ಎಚ್ಚರಿಕೆ. ಯಲ್ಲಾಪುರ, ಹಳಿಯಾಳ ಕಡೆಯ ನಮ್ಮ ಸಿದ್ದಿಗಳನ್ನೂ ಅಲ್ಲಿ ಹೋಗಿ ಇಥಿಯೋಪಿಯಾದವರೇ ಅಂತ ಹೇಳಿಬಿಡಬೇಡ. ಅವರ ಹಿರಿಯರಲ್ಲಿ ಹೆಚ್ಚಿನವರನ್ನು ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವೆಗೆ ಹಿಡಿದು ತಂದದ್ದು. ಆಫ್ರಿಕಾ ಅಂದರೆ ಒಂದೇ ಊರು ಅಂದುಕೊಳ್ಳೋದು ನಮ್ಮವರ ಹಳೇ ರೋಗ.

ಈಗ ಭಾಷಣದಲ್ಲಿ ಬಾರದ ಭಾಗ. 1868ರಲ್ಲಿ ಇಂಗ್ಲಿಷರು ಇಥಿಯೋಪಿಯಾದ ತೆವೊದ್ರೊಸ್ ದೊರೆಯ ಮೇಲೆ ದಂಡೆತ್ತಿ ಹೋದರು, ಅವನು ಸೆರೆಯಲ್ಲಿಟ್ಟಿದ್ದ ತಮ್ಮ ಜನರನ್ನು ಬಿಡಿಸಲು. ದಂಡು ಹೊರಟದ್ದು ಮುಂಬಯಿಯಿಂದ. ಸುಮಾರು 13,000 ಸೈನಿಕರು, ಜಾಸ್ತಿ ಮಂದಿ ನಮ್ಮವರೇ. ಫಿರಂಗಿ ಹೊರಲು 44 ಆನೆಗಳನ್ನೂ ಹಡಗಿನಲ್ಲಿ ಸಾಗಿಸಿದರು. ಇಳಿದದ್ದು ಜುಲಾದಲ್ಲಿ, ಅದೇ ಹಳೇ ಅಡುಲಿಸ್ ಪಕ್ಕದಲ್ಲಿ. ಒಂದು ಕಾಲಕ್ಕೆ ಬಟ್ಟೆ ಗಂಟು ಇಳಿಸಿದ ದಂಡೆಯಲ್ಲಿ ಬಂದೂಕು ಇಳಿಸಿದೆವು. ಏಪ್ರಿಲ್ 13ರಂದು ದೊರೆಯ ಬೆಟ್ಟದ ಕೋಟೆ ಮಕ್ದಲಾ ಬಿತ್ತು. ತೆವೊದ್ರೊಸ್ ಸೆರೆ ಸಿಗುವ ಬದಲು ತಾನೇ ಗುಂಡು ಹೊಡೆದುಕೊಂಡ. ಚರ್ಚಿನ ಕಿರೀಟ, ಶಿಲುಬೆ, ನೂರಾರು ಹಸ್ತಪ್ರತಿಗಳನ್ನು ಆನೆ, ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೋದರು. ಎಷ್ಟೋ ಇನ್ನೂ ಲಂಡನ್ನಿನಲ್ಲಿವೆ, ವಾಪಸ್ ಕೊಡಿ ಅಂತ ಇಥಿಯೋಪಿಯಾದವರು ಕೇಳುತ್ತಲೇ ಇದ್ದಾರೆ. ಸಿಪಾಯಿಗಳ ಮಾಮೂಲಿ ಪಗಾರ ಬಿದ್ದದ್ದು ಭಾರತದ ಬೊಕ್ಕಸದ ಮೇಲೆ. ಹೊಡೆದವರೂ ನಾವೇ, ದುಡ್ಡು ಕೊಟ್ಟವರೂ ನಾವೇ. ನಮ್ಮ ಕೈಯಲ್ಲಿ ಏನೂ ಇರಲಿಲ್ಲ ಅನ್ನಬಹುದು. ಆದರೂ ತೆವೊದ್ರೊಸ್ ಹುಟ್ಟಿದ ಸೀಮೆ ಗೊಂಡರಿನ ಪಕ್ಕದಲ್ಲೇ ಇದೆ. ಇದನ್ನು ತಿಳಿದುಕೊಂಡೇ ಹೋಗು.

ಇಟಲಿಯ ಮುಸೊಲಿನಿ ಇಥಿಯೋಪಿಯಾದ ಮೇಲೆ ಬಿದ್ದಾಗ ನಮ್ಮ ಜನ ಇಥಿಯೋಪಿಯಾದ ಕಡೆ ನಿಂತರು. 1936ರ ಮೇ 9ರಂದು ಕಾಂಗ್ರೆಸ್ ದೇಶದ ತುಂಬ ಅಬಿಸೀನಿಯಾ (ಇಥಿಯೋಪಿಯಾದ ಹಳೇ ಹೆಸರು) ದಿನ ಆಚರಿಸಿತು. 1941ರಲ್ಲಿ ಇಟಲಿಯವರನ್ನು ಓಡಿಸಿದ ಸೈನ್ಯದಲ್ಲೂ ಭಾರತದ ಎರಡು ಡಿವಿಜನ್ ಇದ್ದವು. ಸುಡಾನ್ ಗಡಿಯ ಮೆತೆಮ್ಮಾದಿಂದ ಗೊಂಡರಿಗೆ ಹೋಗೋ ರಸ್ತೆಯಲ್ಲಿ ಪ್ರೇಮಿಂದ್ರ ಸಿಂಗ್ ಭಗತ್ ಅಂತ ಹರೆಯದ ಅಧಿಕಾರಿ ನಾಲ್ಕು ದಿನ ಬಿಡದೆ ನೆಲಬಾಂಬು ತೆಗೆದ. 55 ಮೈಲಿ, 15 ಮೈನ್‌ಫೀಲ್ಡು. ವಾಹನ ಸ್ಫೋಟಿಸಿತು, ಕಿವಿ ತಮಟೆ ಹರಿಯಿತು, ನಿಲ್ಲಿಸಲಿಲ್ಲ. ವಿಕ್ಟೋರಿಯಾ ಕ್ರಾಸ್ ಬಂತು. ಆ ಕಡೆ ಬಸ್ಸು ಹತ್ತಿದರೆ ನೆನಪು ಮಾಡಿಕೋ. ಆದರೆ ಈಚೆಗೆ ಗೊಂಡರ್ ಇರೋ ಅಮ್ಹಾರಾ ಸೀಮೆಯಲ್ಲಿ ಗಲಾಟೆ ನಡೆದಿದೆ. ಊರವರನ್ನು ಕೇಳದೆ ಎಲ್ಲೂ ಹೋಗಬೇಡ.

ನಿನಗೆ ಅಲ್ಲಿ ಸಿಗೋ ಗೌರವ ಮಾತ್ರ ಮೇಷ್ಟ್ರುಗಳು ದುಡಿದದ್ದು. 1950ರಿಂದ 70ರ ದಶಕದ ತನಕ ಸಾವಿರಾರು ಭಾರತೀಯರು, ಕೇರಳದವರೇ ಜಾಸ್ತಿ, ಸಣ್ಣ ಸಣ್ಣ ಊರಿಗೂ ಹೋಗಿ ಗಣಿತ, ವಿಜ್ಞಾನ ಕಲಿಸಿದರು. ಈಗ ಅರವತ್ತು ದಾಟಿದವರಲ್ಲಿ ಅವರ ಕೈಯಲ್ಲಿ ಕಲಿತವರು ಬೇಕಾದಷ್ಟು ಮಂದಿ. ಆ ಹೆಸರಿಗೆ ಮಸಿ ಬಳಿದ ಕತೆಯೂ ಉಂಟು. ಬೆಂಗಳೂರಿನ ಒಂದು ಗುಲಾಬಿ ಕಂಪನಿ ಗಾಂಬೆಲಾ ಸೀಮೆಯಲ್ಲಿ 1 ಲಕ್ಷ ಹೆಕ್ಟೇರ್ ನೆಲ ಗುತ್ತಿಗೆ ಹಿಡಿಯಿತು. ನಮ್ಮ ನೆಲ ಹೋಯಿತು ಅಂತ ಅಲ್ಲಿನ ಜನ ದೂರಿದರು, ಬೇಸಾಯವೂ ಕೈ ಹಿಡಿಯಲಿಲ್ಲ. 2015ರಲ್ಲಿ ಸರ್ಕಾರವೇ ಗುತ್ತಿಗೆ ರದ್ದು ಮಾಡಿತು. ನೀನು ಕರ್ನಾಟಕದವನು ಅಂದರೆ ಯಾರಾದರೂ ಇದನ್ನೂ ಎತ್ತಬಹುದು. ಜಗಳಕ್ಕೆ ನಿಲ್ಲಬೇಡ, ಅವರ ಮಾತಲ್ಲಿ ಸತ್ಯ ಇದೆ.

ಹೊರಡುವ ಮೊದಲು ಒಂದು ದಿನ ಇಲ್ಲಿಗೆ ಬಾ. ಬೆಳಿಗ್ಗೆ ಇಬ್ರಾಹಿಂ ರೋಜಾ ನೋಡೋಣ, ಮಧ್ಯಾಹ್ನ ತೊರವಿಗೆ ಹೋಗೋಣ. ಒಳ್ಳೆ ಫೋಟೋ ತೆಗೆದುಕೊಂಡು ಹೋಗು, ಕ್ಲಾಸಿನಲ್ಲಿ ತೋರಿಸಲು ಬೇಕಾಗುತ್ತದೆ. ಗಾಡಿ ನನ್ನದು, ಪೆಟ್ರೋಲ್ ನಿನ್ನದು.

ನಿನ್ನ ದೋಸ್ತ