ವೈನರಿಯ ಮುಂಭಾಗ ನೋಡಿದರೆ ಸಾಲದು

ಸಂಪಾದಕರಿಗೆ ನಮಸ್ಕಾರ.

ಹೊಸದಾಗಿ ಕಟ್ಟಿದ ವೈನರಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರಹ ಬಂದಾಗಲೆಲ್ಲ ‘ಸುತ್ತಲಿನ ಹಳ್ಳಿಗಾಡಿನಲ್ಲಿ ಬೆರೆತುಹೋಗಿದೆ’ ಎಂಬ ಮಾತು ಇದ್ದೇ ಇರುತ್ತದೆ. ಜೊತೆಗೆ ಒಂದು ಚಿತ್ರ. ಸಂಜೆ ಬಿಸಿಲು, ಕಟ್ಟಡದ ಮುಂಭಾಗ, ಹಿಂದೆ ಬೆಟ್ಟ. ಆ ಮಾತು ನಿಜವೋ ಅಲ್ಲವೋ ಎಂದು ಆ ಚಿತ್ರ ನೋಡಿ ಹೇಳಲು ಬರುವುದಿಲ್ಲ. ಅದಕ್ಕೇ ಈ ಪತ್ರ.

ವೈನರಿ ಅಂದರೆ ಮೊದಲಿಗೆ ಅದೊಂದು ಕಾರ್ಖಾನೆ. ಲಾರಿಗಳು ಬರಬೇಕು, ಎತ್ತರದ ಸ್ಟೀಲ್ ಟ್ಯಾಂಕುಗಳು ನಿಲ್ಲಬೇಕು, ತೊಳೆದ ನೀರು ಎಲ್ಲಿಗಾದರೂ ಹೋಗಬೇಕು. ಕೊಯ್ದ ದ್ರಾಕ್ಷಿ ಬೇಗ ಕೆಡುವುದರಿಂದ ತೋಟಕ್ಕೆ ಹತ್ತಿರವೇ ಕಟ್ಟುವುದು ಅನುಕೂಲ. ದ್ರಾಕ್ಷಿ ಸಾಲುಗಳೋ ಬಹಳ ಕಡೆ ಆಳೆತ್ತರವನ್ನೂ ದಾಟುವುದಿಲ್ಲ. ಅಂದರೆ ಸೀಮೆಯಲ್ಲೇ ದೊಡ್ಡದಾದ ಕಟ್ಟಡ, ಮರೆಯೇ ಇಲ್ಲದ ಬಯಲಿನಲ್ಲಿ ನಿಲ್ಲುತ್ತದೆ. ಗೋಡೆಗೆ ಮಣ್ಣಿನ ಬಣ್ಣ ಬಳಿದರೆ ಇದು ಮುಚ್ಚಿಹೋಗುತ್ತದಾ?

ದಾರಿ ತೋರಿಸುವುದು ವೈನೇ. ಪೀಪಾಯಿಯಲ್ಲಿ ಹಣ್ಣಾಗುವ ವೈನ್‌ಗೆ ಸುಮಾರು 12ರಿಂದ 15 ಡಿಗ್ರಿ ತಂಪು ಬೇಕು. ಅದು ಏರುಪೇರಾಗಬಾರದು. ಕತ್ತಲೆ ಬೇಕು, ಗಾಳಿಯಲ್ಲಿ ತೇವ ಬೇಕು. ನೆಲದಿಂದ ಕೆಲವು ಮೀಟರ್ ಕೆಳಗೆ ಹೋದರೆ ಬೇಸಿಗೆಯ ಕಾವು, ಚಳಿಗಾಲದ ಶೀತ ಎರಡೂ ಹೆಚ್ಚು ತಟ್ಟುವುದಿಲ್ಲ. ಜಾಗ ಇಳಿಜಾರಾಗಿದ್ದರೆ ಇನ್ನೊಂದು ಲಾಭ. ಹಣ್ಣು ಮೇಲಿನ ಹಂತಕ್ಕೆ ಬರುತ್ತದೆ, ರಸ ತಾನಾಗಿ ಕೆಳಗಿನ ಟ್ಯಾಂಕಿಗೆ ಇಳಿಯುತ್ತದೆ, ಅಲ್ಲಿಂದ ಪೀಪಾಯಿಗೆ. ಪಂಪಿನ ಕೆಲಸ ಬಹಳ ಕಡಿಮೆಯಾಗುತ್ತದೆ. ಪಂಪಿನ ಹೊಡೆತಕ್ಕೆ ಸಿಪ್ಪೆ, ಬೀಜ ನುಜ್ಜಾಗಿ ವೈನ್ ಒಗರಾಗುವುದೂ ತಪ್ಪುತ್ತದೆ. ಹಾಗಾಗಿ ಕಟ್ಟಡ ಗುಡ್ಡದೊಳಗೆ ಹೋಗುವುದು ಬರೀ ನೋಟದ ಸಲುವಾಗಿ ಅಲ್ಲ, ಕೆಲಸದ ಸಲುವಾಗಿ.

ಇಟಲಿಯ ಕಿಯಾಂತಿ ಸೀಮೆಯಲ್ಲಿ ಆಂಟಿನೋರಿ ಮನೆತನದ ವೈನರಿ ಇದಕ್ಕೆ ಒಳ್ಳೆಯ ಉದಾಹರಣೆ. ಆರ್ಕೆಯಾ ಎಂಬ ವಾಸ್ತುಶಿಲ್ಪ ಸಂಸ್ಥೆ ಇದನ್ನು ರೂಪಿಸಿತು. 2012ರ ಹೊತ್ತಿಗೆ ಕೆಲಸ ಮುಗಿಯಿತು. ಚಾವಣಿಯ ಮೇಲೆ ಮಣ್ಣು ಹರಡಿ ಮತ್ತೆ ದ್ರಾಕ್ಷಿ ನೆಟ್ಟಿದ್ದಾರೆ. ದೂರದಿಂದ ಕಾಣುವುದು ಗುಡ್ಡದ ಮೈಯಲ್ಲಿ ಅಡ್ಡಕ್ಕೆ ಕೊರೆದಂಥ ಎರಡು ಉದ್ದನೆಯ ಗೆರೆ ಮಾತ್ರ. ಒಳಗೆ ಪೀಪಾಯಿಗಳ ಮೇಲೆ ಸುಟ್ಟಮಣ್ಣಿನ ಕಮಾನುಗಳು. ‘ಗುಡ್ಡವನ್ನೇ ಅಗೆದು, ಅಷ್ಟೊಂದು ಕಾಂಕ್ರೀಟ್ ಸುರಿದು, ಬೆರೆತಿದೆ ಅನ್ನುವುದು ಹೇಗೆ?’ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೂ ಅಲ್ಲಿ ಸಾಗುವಳಿ ನೆಲ ಸಾಗುವಳಿಗೇ ಮರಳಿತು. ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ಹಾಗಂತ ಎಲ್ಲರೂ ನೆಲದೊಳಗೇ ಹೋಗಬೇಕು ಎಂದು ನಾನು ಹೇಳುವುದಿಲ್ಲ. ದ್ರಾಕ್ಷಿ ರಸ ಹುದುಗುವಾಗ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಒಂದು ಲೀಟರ್ ರಸದಿಂದ ನಲವತ್ತು ಲೀಟರಿಗೂ ಜಾಸ್ತಿ ಅನಿಲ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಉಸಿರು ಕಟ್ಟಿಸಿ ಕೊಲ್ಲುತ್ತದೆ. ನೆಲಮಾಳಿಗೆಯಲ್ಲಿ ಹುದುಗಿಸುವವರು ಗಾಳಿ ಆಡುವ ವ್ಯವಸ್ಥೆಗೆ, ನೀರು ಒಸರದಂತೆ ತಡೆಯುವುದಕ್ಕೆ ತುಂಬಾ ಖರ್ಚು ಮಾಡಬೇಕು. ಚಿಕ್ಕ ಬೆಳೆಗಾರರಿಗೆ ಅದು ಎಟುಕುವ ಮಾತಲ್ಲ.

ನೆಲದ ಮೇಲೆಯೇ ನಿಂತು ಹೊಂದಿಕೊಂಡ ಕಟ್ಟಡವೂ ಇದೆ. ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ ಹರ್ಝಾಗ್ ಮತ್ತು ಡಿ ಮ್ಯೂರಾನ್ ಎಂಬ ವಾಸ್ತುಶಿಲ್ಪಿಗಳ ಜೋಡಿ 1990ರ ದಶಕದ ಕೊನೆಯಲ್ಲಿ ಕಟ್ಟಿದ ಡಾಮಿನಸ್ ವೈನರಿ ಅದು. ಅಲ್ಲಿ ಹಗಲು ಸೆಕೆ, ರಾತ್ರಿ ಚಳಿ. ನದಿ ದಂಡೆ, ರಸ್ತೆ ಬದಿ ಕುಸಿಯದಂತೆ ಇಡುವ ಕಲ್ಲು ತುಂಬಿದ ತಂತಿ ಬುಟ್ಟಿಗಳನ್ನೇ ಇವರು ಹೊರಗೋಡೆಗೆ ಬಳಸಿದರು. ಕಲ್ಲು ಹತ್ತಿರದಲ್ಲೇ ಸಿಗುವ ಕಪ್ಪು ಬಸಾಲ್ಟ್. ಹಗಲಿನ ಕಾವನ್ನು ಕಲ್ಲು ಹೀರಿಕೊಳ್ಳುತ್ತದೆ, ರಾತ್ರಿ ಬಿಟ್ಟುಕೊಡುತ್ತದೆ. ತಂಪು, ಕತ್ತಲೆ ಬೇಕಾದ ಕಡೆ ಕಲ್ಲನ್ನು ಒತ್ತಾಗಿ ತುಂಬಿದ್ದಾರೆ. ಬೆಳಕು ಬೇಕಾದ ಕಡೆ ಸಡಿಲ, ಅಲ್ಲಿ ಸಂದುಗಳಿಂದ ಬಿಸಿಲು ಸೋಸಿ ಬರುತ್ತದೆ. ಸುಮಾರು ನೂರು ಮೀಟರ್ ಉದ್ದದ ಕಟ್ಟಡ, ಎತ್ತರ ಮಾತ್ರ ಒಂಬತ್ತು ಮೀಟರ್. ತೋಟದ ಮುಖ್ಯ ದಾರಿ ಕಟ್ಟಡದ ನಡುವಿನಿಂದಲೇ ಹಾದುಹೋಗುತ್ತದೆ. ಅದು ಅಡಗಿ ಕೂತಿಲ್ಲ. ತೋಟದ ಒಂದು ಬದುವಿನ ಹಾಗೆ ಮಲಗಿದೆ.

ಸ್ವಿಟ್ಜರ್ಲೆಂಡಿನ ಫ್ಲ್ಯಾಶ್ ಎಂಬ ಹಳ್ಳಿಯ ಗಾಂಟೆನ್‌ಬೈನ್ ವೈನರಿಯದು ಬೇರೆ ದಾರಿ. 2006ರಲ್ಲಿ ಅಲ್ಲಿನ ಇಟ್ಟಿಗೆ ಗೋಡೆಗಳನ್ನು ರೋಬೋ ಜೋಡಿಸಿತು. ಇಪ್ಪತ್ತು ಸಾವಿರ ಇಟ್ಟಿಗೆ, ಒಂದೊಂದಕ್ಕೂ ಲೆಕ್ಕ ಹಾಕಿದ ಓರೆ. ದೂರದಿಂದ ನೋಡಿದರೆ ಗೋಡೆಯ ಮೇಲೆ ದ್ರಾಕ್ಷಿ ಹಣ್ಣಿನ ಆಕಾರ ಮೂಡುತ್ತದೆ. ಹತ್ತಿರ ಹೋದರೆ ಅದು ಸಂದುಗಳಿರುವ ಗೋಡೆ, ಬೆಳಕು ಸೋಸಿ ಒಳಗೆ ಬಿಡುವ ಗೋಡೆ. ಹೊಸ ತಂತ್ರ ಬಂದ ಕೂಡಲೇ ಹಳ್ಳಿಗಾಡು ಕೆಡುತ್ತದೆ ಎಂದು ಹೆದರಬೇಕಿಲ್ಲ ಎಂದು ನನಗೆ ಅನ್ನಿಸಿದ್ದು ಇದರ ಬಗ್ಗೆ ಓದಿದ ಮೇಲೆ.

ಚಾವಣಿಯನ್ನು ಮಾತ್ರ ಜನ ಮರೆತೇಬಿಡುತ್ತಾರೆ. ಸ್ಪೇನಿನ ಪೆನ್ಯಾಫಿಯೆಲ್ ಊರಿನಲ್ಲಿ ದಿಬ್ಬದ ಮೇಲೆ ಹಳೆಯ ಕೋಟೆ ಇದೆ. ಕೆಳಗೆ ಪ್ರೋಟೋಸ್ ವೈನರಿ. ಕೋಟೆಯಿಂದ ನೋಡುವವರಿಗೆ ಚಾವಣಿಯೇ ಕಟ್ಟಡದ ಮುಖ. ವಾಸ್ತುಶಿಲ್ಪಿ ರಿಚರ್ಡ್ ರೋಜರ್ಸ್ ಅವರ ತಂಡ ಅದಕ್ಕೆ ಮರದ ಕಮಾನುಗಳ ಮೇಲೆ ಸುಟ್ಟಮಣ್ಣಿನ ಹೊದಿಕೆ ಹಾಕಿತು. ಒಂದೇ ದೊಡ್ಡ ಚಾವಣಿ ಮಾಡದೆ ಐದು ಕಮಾನುಗಳಾಗಿ ಒಡೆದದ್ದರಿಂದ ಅಷ್ಟು ದೊಡ್ಡ ಕಟ್ಟಡವೂ ಊರಿನ ಮನೆಗಳ ಅಳತೆಗೆ ಹತ್ತಿರ ಬಂತು.

ಇನ್ನು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಕಾಂಕ್ರೀಟ್ ಡಬ್ಬಕ್ಕೆ ತೆಳು ಕಲ್ಲಿನ ಹಲಗೆ ಅಂಟಿಸಿ, ಪಕ್ಕದಲ್ಲಿ ಸುಮ್ನೆ ಒಂದು ಹಳೇ ಕಾಲದ ಗೋಪುರ ನಿಲ್ಲಿಸಿ, ‘ಪರಂಪರೆಗೆ ಹೊಂದುತ್ತದೆ’ ಅನ್ನುವುದು. ಪೋರ್ಚುಗಲ್ಲಿನ ಡೌರೊ ಕಣಿವೆಯ ದ್ರಾಕ್ಷಿ ಸೀಮೆಯನ್ನು ಯುನೆಸ್ಕೊ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಇಳಿಜಾರಿನ ಕಲ್ಲುಗೋಡೆಯ ಮೆಟ್ಟಿಲು ಹೊಲಗಳನ್ನು ರೈತರು ತಲೆಮಾರುಗಳಿಂದ ಕಟ್ಟಿಕೊಂಡು ಬಂದಿದ್ದಾರೆ. ಮಣ್ಣು ಕೊಚ್ಚಿಹೋಗಬಾರದು, ಬಳ್ಳಿ ನಿಲ್ಲಬೇಕು ಎಂಬ ಕಾರಣಕ್ಕೆ. ನಾವು ಚೆಂದ ಅನ್ನುವ ಹಳ್ಳಿಗಾಡು ಹೀಗೆ ದುಡಿಮೆಯಿಂದ ಆದದ್ದು. ಅದರ ಪಕ್ಕ ಅಂಟಿಸಿದ ಕಲ್ಲು ನಿಲ್ಲುವುದಿಲ್ಲ. ಇದಕ್ಕಿಂತ ಸ್ಪೇನಿನ ಎಲ್ಸಿಯೆಗೊದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ 2006ರಲ್ಲಿ ಮುಗಿಸಿದ ಹೋಟೆಲ್ ವಾಸಿ. ಮಾರ್ಕೆಸ್ ದೆ ರಿಸ್ಕಾಲ್ ವೈನರಿಗೆ ಸೇರಿದ ಆ ಕಟ್ಟಡದ ಮೇಲೆ ಬಣ್ಣದ ಟೈಟಾನಿಯಂ ಪಟ್ಟಿಗಳು ಅಲೆಯಾಡುತ್ತವೆ. ಬೆರೆಯುವ ವೇಷವನ್ನು ಅದು ಹಾಕಿಲ್ಲ.

ಕಟ್ಟಡ ಚೆನ್ನಾಗಿದ್ದೂ ಸೀಮೆ ಹಾಳಾಗಬಹುದು. ಪ್ರವಾಸಿಗಳ ಕಾರಿಗೆಂದು ಟಾರು ಹಾಕಿದ ಬಯಲು, ಅಗಲಿಸಿದ ರಸ್ತೆ, ರಾತ್ರಿಯಿಡೀ ಉರಿಯುವ ದೀಪ, ಹಿಂಬದಿಯಲ್ಲಿ ಗುಂಯ್‌ಗುಡುವ ಕೂಲಿಂಗ್ ಯಂತ್ರ. ಮುಂಭಾಗದ ಚಿತ್ರದಲ್ಲಿ ಇವು ಬರುವುದೇ ಇಲ್ಲ. ಪಕ್ಕದ ಹೊಲದವರಿಗೆ ದಿನವೂ ಕಾಣುವುದು ಇವೇ ಅಲ್ವಾ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮುಂದೆ ಇಂಥ ಕಟ್ಟಡದ ಬಗ್ಗೆ ಬರೆಸುವಾಗ ಅದನ್ನು ಉದ್ದಕ್ಕೆ ಸೀಳಿ ತೋರಿಸುವ ಒಂದು ಸೆಕ್ಷನ್ ನಕ್ಷೆ ಹಾಕಿ. ನೆಲ ಎಲ್ಲಿತ್ತು, ಎಷ್ಟು ಅಗೆದರು, ಹಣ್ಣು ಎಲ್ಲಿ ಬರುತ್ತದೆ, ಪೀಪಾಯಿ ಎಲ್ಲಿ ಕೂರುತ್ತದೆ ಎಂದು ಓದುಗರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಊರಿನ ರಸ್ತೆಯಿಂದ ತೆಗೆದ ಒಂದು ಚಿತ್ರ, ಹಿಂಬದಿಯ ಒಂದು ಚಿತ್ರ, ಸಾಧ್ಯವಾದರೆ ರಾತ್ರಿಯದೂ ಒಂದು ಇರಲಿ. ವಾಸ್ತುಶಿಲ್ಪಿಯ ಮಾತಿನ ಜೊತೆಗೆ ಒಳಗೆ ಕೆಲಸ ಮಾಡುವವರ, ಅಕ್ಕಪಕ್ಕದ ಹೊಲದವರ ಮಾತನ್ನೂ ಕೇಳಿ ಬರೆಸಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ