ಸಿದ್ಧ ಚಿತ್ತಾರ ಬೇಡ, ಎಣಿಕೆಯ ಹಾಳೆ ಕೊಡಿ

ಮಾನ್ಯ ಸಂಪಾದಕರೇ,

ಮಹಿಳಾ ಪುರವಣಿಗಳಲ್ಲಿ ಕಸೂತಿಗೆಂದು ಅಚ್ಚಾಗುವ ಚಿತ್ತಾರಗಳ ಬಗ್ಗೆ ಒಂದು ತಕರಾರು, ಅದರ ಜೊತೆಗೇ ಒಂದು ಕೋರಿಕೆ ಈ ಪತ್ರದಲ್ಲಿದೆ. ಗುಲಾಬಿ ಗೊಂಚಲು, ಬಳ್ಳಿ, ಚಿಟ್ಟೆ, ಹೂಬುಟ್ಟಿ ಹಿಡಿದ ಹುಡುಗಿ ಇಂಥವನ್ನು ಕಾರ್ಬನ್ ಹಾಳೆಯಿಟ್ಟು ಬಟ್ಟೆಗೆ ಇಳಿಸಿಕೊಂಡು ಬಣ್ಣದ ದಾರ ತುಂಬಿದರೆ ಕೆಲಸ ಮುಗಿಯಿತು. ಚಿತ್ತಾರ ಯಾವ ಸೀಮೆಯದು, ಯಾರು ಹಾಕಿದ್ದು, ಯಾವ ಹೊಲಿಗೆಗೆ ಒಗ್ಗುತ್ತದೆ ಎಂಬ ಸುಳಿವು ಅದರೊಂದಿಗೆ ಇರುವುದಿಲ್ಲ. ಹೊಲಿಗೆ ಕಲಿಯಲು ಬರುವ ಹೆಣ್ಣುಮಕ್ಕಳು ನನ್ನನ್ನು ಮೊದಲು ಕೇಳುವುದು ‘ಏನು ಹಾಕಲಿ?’ ಎಂದು. ಮೊಬೈಲ್ ತೆರೆದರೆ ಸಾವಿರ ಚಿತ್ರಗಳು ಸಿಗುವ ಈ ಕಾಲದಲ್ಲೂ ಆ ಪ್ರಶ್ನೆ ಕಡಿಮೆಯಾಗಿಲ್ಲವೆಂದರೆ, ಕೊರತೆ ಇರುವುದು ಚಿತ್ರಗಳದ್ದಲ್ಲ ಎಂದೇ ನನ್ನ ಅನಿಸಿಕೆ.

ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಯ ಹಳೆಯ ಇಳಕಲ್ ಸೀರೆಯೊಂದನ್ನು ಬಿಡಿಸಿ ನೋಡಿದರೆ, ಅದಕ್ಕೆ ಕಸೂತಿ ಹಾಕಿದವಳ ಕಣ್ಣು ಎಲ್ಲೆಲ್ಲಿ ಓಡಾಡಿತ್ತೆಂಬುದು ತಿಳಿಯುತ್ತದೆ. ಗುಡಿಯ ಗೋಪುರ, ಜಾತ್ರೆಯ ತೇರು, ಅಂಗಳದ ತುಳಸಿಕಟ್ಟೆ, ತೊಟ್ಟಿಲು, ಅಂಬಾರಿ ಹೊತ್ತ ಆನೆ, ನಂದಿ, ನವಿಲು, ಗಿಳಿ ಇವೆಲ್ಲ ಆಕೆಯ ಸುತ್ತಲೇ ಇದ್ದವು ಇಲ್ಲವೇ ಹಬ್ಬ ಜಾತ್ರೆಗಳಲ್ಲಿ ಕಣ್ಣಿಗೆ ಬಿದ್ದಂಥವು. ದೊಡ್ಡ ಚಿತ್ತಾರಗಳು ಸೆರಗಿನ ಬಳಿ ನಿಲ್ಲುತ್ತವೆ, ಸೆರಗಿನಿಂದ ದೂರ ಸರಿದಂತೆ ಸಣ್ಣವಾಗುತ್ತ ಹೋಗಿ ಕೊನೆಗೆ ಬರಿಯ ಬುಟ್ಟಾಗಳಾಗಿ, ಅಂದರೆ ಬಿಡಿಬಿಡಿಯಾದ ಪುಟ್ಟ ಚಿತ್ತಾರಗಳಾಗಿ ಉಳಿಯುತ್ತವೆ. ಈ ಜೋಡಣೆಯನ್ನು ಯಾರೂ ಅಚ್ಚು ಹಾಕಿಕೊಟ್ಟದ್ದಲ್ಲ. ನಮ್ಮ ಸೀಮೆಯ ಈ ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಎಳೆಯುವ ಪದ್ಧತಿಯೇ ಇರಲಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಹೋಗುವುದೇ ಅದರ ಕ್ರಮ. ನುಣುಪು ಬಟ್ಟೆಗಳು ಬಂದು ಎಳೆ ಎಣಿಸುವುದು ಕಷ್ಟವಾದ ಮೇಲೆ, ಅದರ ಮೇಲೆ ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆಯನ್ನಿಟ್ಟು ಟಾಕು ಹಾಕಿ, ಕಸೂತಿ ಮುಗಿದ ನಂತರ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಉಪಾಯ ಬಂತು. ಆದರೆ ಆಗಲೂ ಎಣಿಕೆ ತಪ್ಪಲಿಲ್ಲ.

ಈ ಎಣಿಕೆಯಲ್ಲೇ ಕಲ್ಪನೆಗೆ ಬೇಕಾದ ಬಲ ಅಡಗಿದೆಯೆಂದು ನಾನು ಹೇಳಬಯಸುತ್ತೇನೆ. ಗವಂತಿ ಹೊಲಿಗೆಯನ್ನೇ ತೆಗೆದುಕೊಳ್ಳಿ. ಹೋಗುವಾಗ ಸೂಜಿ ಒಂದು ಹೆಜ್ಜೆ ಬಟ್ಟೆಯ ಮೇಲೆ, ಒಂದು ಹೆಜ್ಜೆ ಕೆಳಗೆ ಸಾಗುತ್ತದೆ. ಬರುವಾಗ ಅದೇ ದಾರಿಯಲ್ಲಿ ಹಿಂತಿರುಗಿ ಬಿಟ್ಟ ಜಾಗಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ, ಹಿಂಬದಿಯೂ ಮುಂಬದಿಯಂತೆಯೇ ಕಾಣಬೇಕು. ಹೀಗಾಗಿ ತೇರಿನ ಕಳಸಕ್ಕೆ ಹೋದ ಸೂಜಿ ಅಲ್ಲಿಂದ ಹೇಗೆ ಮರಳಬೇಕು, ನಡುವೆ ಕವಲೊಡೆದ ಪತಾಕೆಯನ್ನು ಹೋಗುವಾಗ ಮುಗಿಸಬೇಕೋ ಬರುವಾಗಲೋ ಎಂಬುದನ್ನೆಲ್ಲ ಮೊದಲ ಹೊಲಿಗೆಗೆ ಮುಂಚೆಯೇ ಮನಸ್ಸಿನಲ್ಲಿ ನಡೆದು ನೋಡಿರಬೇಕಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರ್ಗಿ ಹೊಲಿಗೆಗೂ ಇದೇ ಕಟ್ಟಳೆ. ನೇಯ್ದಂತೆ ಕಾಣುವ ನೇಗಿ ಮತ್ತು ಅಡ್ಡಹಾಯುವ ಗೆರೆಗಳ ಮೆಂಥೆ ಹೊಲಿಗೆಗಳಿಗೆ ಮಾತ್ರ ಹಿಂಬದಿಯ ಈ ಬಿಗಿ ಇಲ್ಲ. ಇವೆಲ್ಲದರಲ್ಲೂ ಅಡ್ಡ, ಉದ್ದ, ಓರೆ ಗೆರೆಗಳಷ್ಟೇ ಸಾಧ್ಯ. ದುಂಡು ಗೆರೆಯಿಲ್ಲದೆ ನವಿಲಿನ ಕೊರಳನ್ನು ಬಾಗಿಸುವುದು ಹೇಗೆ, ತೇರಿನ ಗಾಲಿ ಉರುಳುವಂತೆ ತೋರಿಸುವುದು ಹೇಗೆ ಎಂಬ ತೊಡಕನ್ನು ಬಿಡಿಸುತ್ತಲೇ ನಮ್ಮ ಹೆಣ್ಣುಮಕ್ಕಳು ಹೊಸ ಹೊಸ ಚಿತ್ತಾರಗಳನ್ನು ಕಂಡುಕೊಂಡರು.

ಹಾಗೆಂದು ಹಳೆಯದನ್ನೇ ತಿರುತಿರುಗಿ ಹಾಕಬೇಕೆಂದು ನನ್ನ ವಾದವಲ್ಲ. ಸಾಂಪ್ರದಾಯಿಕ ಕಸೂತಿಯಲ್ಲಿ ನಾಯಿ, ಬೆಕ್ಕುಗಳು ಕಾಣುವುದಿಲ್ಲವೆಂದು ಬಲ್ಲವರು ಹೇಳುವುದುಂಟು. ಇಂದಿನ ಹುಡುಗಿಯೊಬ್ಬಳು ತನ್ನ ಮನೆಯ ಬೆಕ್ಕನ್ನು ಮುರ್ಗಿಯಲ್ಲಿ ಕೂರಿಸಿದರೆ ಯಾವ ಸಂಪ್ರದಾಯವೂ ಮುಳುಗುವುದಿಲ್ಲ. ಊರ ಓವರ್‌ಹೆಡ್ ಟ್ಯಾಂಕು, ಕಬ್ಬು ಹೇರಿಕೊಂಡು ನಿಂತ ಟ್ರ್ಯಾಕ್ಟರ್ ಟ್ರೇಲರು, ಬಸ್ ನಿಲ್ದಾಣದ ಜಾಲರಿ ಇವೆಲ್ಲ ನೇರ ಗೆರೆಗಳ ವಸ್ತುಗಳೇ, ಕಸೂತಿಗೆಂದೇ ಮಾಡಿಟ್ಟ ಹಾಗಿವೆ. ಟ್ರೇಲರಿನ ಗಾಲಿಗೆ ಹಳೆಯ ತೇರಿನ ಗಾಲಿಯೇ ದಾರಿ ತೋರಿಸುತ್ತದೆ. ಕಂಡದ್ದನ್ನು ಎಣಿಕೆಗೆ ಇಳಿಸುವ ಅಭ್ಯಾಸ ಮಾತ್ರ ಇರಬೇಕು.

ಹಳೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿಯುವ ಕೌದಿಯ ವಿಷಯ ಇನ್ನೂ ಸ್ವಾರಸ್ಯದ್ದು. ಅಲ್ಲಿ ಎಣಿಕೆಯ ಜಾಗವನ್ನು ಚಿಂದಿಯ ಗಂಟು ತೆಗೆದುಕೊಳ್ಳುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಯಲ್ಲಿ, ಅವರ ಮಾತಿನಲ್ಲಿ ಕವಂದಿಯಲ್ಲಿ, ಹಳೆಯ ಸೀರೆಯೊಂದು ತಳವಾಗಿ, ಅದರ ಮೇಲೆ ಹರಿದ ಅಂಗಿ, ಲಂಗ, ಲುಂಗಿಗಳ ತುಂಡುಗಳು ಕೂರುತ್ತವೆ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ನಡುವಿನತ್ತ ಸಾಗುತ್ತದೆ. ಒಟ್ಟು ಚಿತ್ರವನ್ನು ಮೊದಲೇ ಬರೆದಿಟ್ಟುಕೊಳ್ಳುವ ಮಾತಿಲ್ಲ. ಕೆಂಪು ತುಂಡು ಮುಗಿದುಹೋದರೆ ಅದರ ಪಕ್ಕಕ್ಕೆ ಏನು ಬರಬೇಕೆಂಬುದನ್ನು ಗಂಟಿನಲ್ಲಿ ಉಳಿದದ್ದೇ ಹೇಳುತ್ತದೆ; ಆ ಉಳಿದದ್ದರಲ್ಲಿ ಯಾವುದನ್ನು ಎಲ್ಲಿಡಬೇಕೆಂಬುದು ಹೊಲಿಯುವವಳ ಕಣ್ಣಿಗೆ ಬಿಟ್ಟದ್ದು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ನಂಬಿಕೆಯವರು ಸಿದ್ದಿಗಳಲ್ಲಿರುವುದರಿಂದ ಕೆಲವು ಕವಂದಿಗಳಲ್ಲಿ ಶಿಲುಬೆಯೋ ಅರ್ಧಚಂದ್ರವೋ ಮೂಡುವುದೂ ಇದೆ. ನಾಲ್ಕು ಮೂಲೆಗಳಿಗೆ ತುಂಡುಗಳನ್ನು ತ್ರಿಕೋನವಾಗಿ ಮಡಚಿ ಒಂದರ ಮೇಲೊಂದಿಟ್ಟು ಹೊಲಿಯುವ ‘ಫುಲಾ’ ಇಲ್ಲದಿದ್ದರೆ ಕವಂದಿ ಪೂರ್ತಿಯಾದಂತಲ್ಲ ಎಂಬುದು ಅವರ ಭಾವನೆ. ಅಂಗಡಿಯಲ್ಲಿ ಹೊಂದುವ ಬಣ್ಣಗಳನ್ನು ಆರಿಸಿ ಹೊಸ ಬಟ್ಟೆ ತಂದು, ಅದನ್ನು ಕತ್ತರಿಸಿ ‘ಕೌದಿ ಡಿಸೈನ್’ ಹೊಲಿಯುವವರು ಈ ಕೆಲಸದ ಅರ್ಧ ಸುಖವನ್ನು ಕೈಯಾರೆ ಕಳೆದುಕೊಳ್ಳುತ್ತಿದ್ದಾರೆಂದು ನನಗೆ ತೋರುತ್ತದೆ. ನಮ್ಮ ಮನೆಗಳಲ್ಲಿ ಕೌದಿ ಹಾಸಿಕೊಂಡು ಮಲಗಿದವರೆಲ್ಲ ಇದು ಅಪ್ಪನ ಧೋತರ, ಇದು ಅಕ್ಕನ ಲಂಗ ಎಂದು ಗುರುತು ಹಿಡಿದವರೇ.

ಸಂಡೂರಿನ ಲಂಬಾಣಿ ಕಸೂತಿಗೆ, ನಮ್ಮ ಎಣಿಕೆ ಕಸೂತಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸೇರಿ ಸಿದ್ಧಪಡಿಸಿದ 1755 ತುಂಡುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು. ಸಂತೋಷದ ಸಂಗತಿಯೇ. ಆದರೆ ಮಾನ್ಯತೆ ಕಾಯುವುದು ಹೆಸರನ್ನು. ಕಸೂತಿಯ ಚಿತ್ತಾರಗಳನ್ನು ಯಂತ್ರದಲ್ಲಿ ಅಚ್ಚೊತ್ತಿದ ಸೀರೆಗಳು ಅರ್ಧ ಬೆಲೆಗೆ ಬಿಕರಿಯಾಗುತ್ತಿರುವಾಗ, ಕಲಿಯುವ ಹುಡುಗಿಗೆ ಅಚ್ಚಿನದಕ್ಕೂ ಕೈಯದಕ್ಕೂ ವ್ಯತ್ಯಾಸ ತಿಳಿಯಬೇಕಾದರೆ ಆಕೆ ಒಮ್ಮೆಯಾದರೂ ಸೀರೆಯನ್ನು ಮಗುಚಿ ಹಿಂಬದಿ ನೋಡಿರಬೇಕು.

ನನ್ನ ಕೋರಿಕೆಯೂ ಇದಕ್ಕೆ ಸಂಬಂಧಿಸಿದ್ದು. ತಮ್ಮ ಪುರವಣಿಯಲ್ಲಿ ಸಿದ್ಧ ಚಿತ್ತಾರದ ಜಾಗಕ್ಕೆ ವಾರಕ್ಕೊಂದರಂತೆ ಹಳೆಯ ಚಿತ್ತಾರವನ್ನು ಎಣಿಕೆಗೆ ಒದಗುವ ಚೌಕಳಿ ಹಾಳೆಯ ಮೇಲೆ ಪ್ರಕಟಿಸಿ. ಓದುಗರು ತಮ್ಮ ಮನೆಯ ಸೀರೆ, ಕೂಸಿನ ಕುಂಚಿಗೆ, ಕೌದಿಗಳ ಎರಡೂ ಬದಿಯ ಛಾಯಾಚಿತ್ರ ಕಳುಹಿಸಲಿ. ಹೊಲಿದವರ ಹೆಸರು, ಊರು ಗೊತ್ತಿದ್ದು ಅವರ ಒಪ್ಪಿಗೆಯೂ ಇದ್ದರೆ ಅದನ್ನೂ ಅಚ್ಚು ಹಾಕಿ. ತಿಂಗಳಿಗೊಮ್ಮೆ ಬರಿಯ ಚೌಕಳಿಯನ್ನು ಖಾಲಿ ಬಿಟ್ಟು, ಊರಲ್ಲಿ ಕಂಡ ಒಂದು ವಸ್ತುವನ್ನು ಅದರಲ್ಲಿ ತುಂಬಿ ಕಳುಹಿಸಲು ಹೇಳಿದರೆ ಇನ್ನೂ ಒಳ್ಳೆಯದು. ಅಚ್ಚಿನ ಬಗ್ಗೆ ಒಂದು ಸೂಚನೆ: ಗವಂತಿಯ ಚಿತ್ತಾರವಾದರೆ ಸೂಜಿ ಹೋಗುವ ಹೊಲಿಗೆಗಳನ್ನು ಕಪ್ಪು ಗೆರೆಯಲ್ಲೂ ಮರಳುವಾಗಿನ ಹೊಲಿಗೆಗಳನ್ನು ಕೆಂಪು ಗೆರೆಯಲ್ಲೂ ತೋರಿಸಬೇಕು, ಆರಂಭದ ಚೌಕಕ್ಕೆ ಚುಕ್ಕೆ ಇಡಬೇಕು, ಇಲ್ಲದಿದ್ದರೆ ನೋಡಿ ಕಲಿಯುವವರು ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ನನ್ನ ಬಳಿ ಈಗಾಗಲೇ ಚೌಕಳಿಗೆ ಇಳಿಸಿರುವ ತೇರು, ತುಳಸಿಕಟ್ಟೆ ಮತ್ತು ಆನೆಯ ಹಾಳೆಗಳಿವೆ. ಪತ್ರಿಕೆ ಬಯಸಿದರೆ ಕಳುಹಿಸಿಕೊಡುತ್ತೇನೆ.

ಇತಿ,
ತಮ್ಮ ಓದುಗಾರ್ತಿ, ಧಾರವಾಡ