ಗೆಳೆಯನಿಗೊಂದು ಪತ್ರ: ಮೂರನೇ ಅಧ್ಯಾಯದಿಂದ

ಗೆಳೆಯಾ,

ಮೊನ್ನೆ ನೀನು "ಥೀಸಿಸ್ ಎಲ್ಲಿಗೆ ಬಂತೋ?" ಅಂದಾಗ ನೆಟ್‌ವರ್ಕ್ ಇಲ್ಲ ಅಂತ ಫೋನ್ ಇಟ್ಟೆನಲ್ಲ, ಅದು ಸುಳ್ಳು. ನೆಟ್‌ವರ್ಕ್ ಚೆನ್ನಾಗೇ ಇತ್ತು. ಹೇಳುವುದಕ್ಕೆ ಏನೂ ಇರಲಿಲ್ಲ.

ತುರುಗೋಳು, ಅಂದರೆ ಹಿಂದೆ ದನ ಹೊಡೆದುಕೊಂಡು ಹೋಗಲು ನಡೆಯುತ್ತಿದ್ದ ದಾಳಿ; ಅದರಲ್ಲಿ ಸತ್ತವರ ವೀರಗಲ್ಲುಗಳ ಮೇಲಿನ ಥೀಸಿಸ್‌ನ ಮೂರನೇ ಅಧ್ಯಾಯದಲ್ಲಿ ಎರಡು ವರ್ಷದಿಂದ ಕೂತಿದ್ದೇನೆ. ಯುಜಿಸಿ ಫೆಲೋಶಿಪ್ 5 ವರ್ಷಕ್ಕೆ ನಿಂತಿತು. ಪಿಎಚ್.ಡಿ. ಮುಗಿಸುವ 6 ವರ್ಷದ ಗಡುವಿಗೆ ಇನ್ನು ನಾಲ್ಕೇ ತಿಂಗಳು. ಈಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. (ಅತಿಥಿಗೆ ಸಂಬಳ ಕೇಳುವ ಹಕ್ಕಿಲ್ಲ ಅಂದುಕೊಂಡಿದ್ದಾರೋ ಏನೋ, ಮೂರು ತಿಂಗಳಿಗೊಮ್ಮೆ ಬರುತ್ತದೆ.)

ಈ ಶಾಸನಗಳೇ ಬೇಜಾರಾಗಿವೆಯಾ ಅಂತ ಕೇಳಿಕೊಂಡೆ. ಇಲ್ಲ ಕಣೋ. ಎಂ.ಎ. ಓದುವಾಗ ಮೊದಲ ಸಲ ಶಾಸನದ ಪಡಿಯಚ್ಚು (ಕಾಗದದ ಮೇಲಿನ ಅಚ್ಚು) ತೆಗೆದ ದಿನ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೊಲದ ಬದುವಿನ ಕಲ್ಲು. ಪಾಚಿ ಉಜ್ಜಿ ತೊಳೆದು, ಒದ್ದೆ ಕಾಗದ ಅಂಟಿಸಿ, ಅಕ್ಷರದ ಗುಂಡಿಗೆಲ್ಲ ಇಳಿಯುವ ಹಾಗೆ ಬ್ರಷ್‌ನಿಂದ ಬಡಿದೆವು. ಮೇಲೆ ಮಸಿ ಒತ್ತಿದಾಗ ಕಪ್ಪಿನೊಳಗಿಂದ ಬಿಳಿ ಅಕ್ಷರ ಎದ್ದವು: ಸ್ವಸ್ತಿ ಶ್ರೀ. ದನ ಬಿಡಿಸಲು ಹೋಗಿ ಸತ್ತವನ ಕಲ್ಲು. ಊರವರು ಅದಕ್ಕೆ ಅರಿಶಿನ ಹಚ್ಚಿ ಅಮ್ಮ ಅಂತ ಪೂಜೆ ಮಾಡುತ್ತಿದ್ದರು. ಓದಿ ಹೇಳಿದೆ. ಒಬ್ಬ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಇವ್ನೂ ನಮ್ಮಂಗೆ ದನ ಕಾದೋನೇಯ" ಅಂದ.

ಆ ಕ್ಷಣಕ್ಕೇ ನಾನು ಈ ದಾರಿ ಹಿಡಿದದ್ದು.

ಈಗ ಕಲ್ಲು ನೋಡಿ ವರ್ಷವೇ ಆಯಿತು. ಲೈಬ್ರರಿಯಲ್ಲಿ ಶಾಸನಗಳನ್ನು ಅಚ್ಚು ಮಾಡಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟ ತೆರೆದು ಎಕ್ಸೆಲ್ ತುಂಬಿಸುತ್ತೇನೆ. ಅದನ್ನು ಹೊರತಂದ ಬಿ.ಎಲ್. ರೈಸ್ ಸಾಹೇಬರು 1886ರಲ್ಲಿ ಕೊಡಗಿನಿಂದ ಶುರು ಮಾಡಿ 12 ಸಂಪುಟ ತಂದರು, ನನಗೆ ಒಂದು ಅಧ್ಯಾಯ ಏಳುತ್ತಿಲ್ಲ. ಅಸಲಿ ವಿಷಯ ಯಾರಿಗೂ ಹೇಳಿಲ್ಲ. ತುರುಗೋಳು ಯಾವಾಗ ಕಡಿಮೆಯಾಯಿತು ಅಂತ ತೋರಿಸುವುದೇ ನನ್ನ ವಾದ. ಆದರೆ ನನ್ನ ಪಟ್ಟಿಯ ಅರ್ಧದಷ್ಟು ಕಲ್ಲುಗಳಲ್ಲಿ ಶಕವರ್ಷವೇ ಇಲ್ಲ. ಲಿಪಿ ನೋಡಿ ಶತಮಾನ ಅಂದಾಜು ಮಾಡಬಹುದು, ಅಷ್ಟೇ. ಹಾಗಾದರೆ ನನ್ನ ಗ್ರಾಫ್ ಸುಳ್ಳು, ಅಲ್ವಾ? ಗೈಡ್ ಕೇಳಿದರೆ "ಬರೆದು ಮುಗಿಸಪ್ಪ, ಯಾರು ನೋಡ್ತಾರೆ" ಅನ್ನುತ್ತಾರೆ. ನಾನೇ ನೋಡುತ್ತೇನಲ್ಲ. ಬಿಡೋಣ ಅಂದರೆ ಬೇರೆ ಕೆಲಸ ಬರಲ್ಲ, ಮುಂದುವರಿಯೋಣ ಅಂದರೆ ಕೈ ಏಳಲ್ಲ.

ಭಾನುವಾರ ಕಾರು ತರುತ್ತೀಯಾ? ಪುಸ್ತಕದಿಂದ ಸುಮ್ನೆ ನಕಲು ಮಾಡಿಕೊಂಡ ಒಂದು ಕಲ್ಲಿದೆ. ಅದರ ಪಕ್ಕದ ಮುಖದಲ್ಲೂ ಅಕ್ಷರ ಇರಬಹುದು ಅಂತ ಅನುಮಾನ. ಕಾಗದ, ಬ್ರಷ್, ಮಸಿ ನನ್ನ ಹತ್ತಿರ ಇವೆ. ನೀನು ಎರಡು ಕ್ಯಾನ್ ನೀರು ತಾ. ಅಲ್ಲಿ ಬೋರ್‌ವೆಲ್ ಕೆಟ್ಟಿದೆಯಂತೆ.

ನಿನ್ನವ